ಎದುರು ತಂಡದ ಆಟಗಾರ ಇಷ್ಟವಾದರೆ ತಪ್ಪಾ?

ಇವತ್ತು ಫುಟ್‌ಬಾಲ್ ಬಗ್ಗೆ ಮಾತಾಡೋಣ. ಪಾಯಿಂಟ್ಸ್ ಟೇಬಲ್ ಬೇಡ, ಯಾರು ಯಾವ ಕ್ಲಬ್‌ಗೆ ಹೋದರು ಅನ್ನೋ ಸುದ್ದಿಯೂ ಬೇಡ. ಒಂದೇ ಒಂದು ಪ್ರಶ್ನೆ ಇಟ್ಕೊಂಡು ಬಂದಿದ್ದೀನಿ.

ನಮಗೆ ಕಂಡರೆ ಆಗದ ಒಂದು ತಂಡ ಇದೆ. ಆ ತಂಡದಲ್ಲಿ ಒಬ್ಬ ಆಟಗಾರ ಇದ್ದಾನೆ. ಅವನ ಆಟ ನೋಡಿದರೆ ಕಣ್ಣು ಕೀಳೋಕಾಗಲ್ಲ. ಇದನ್ನ ಬಾಯಿಬಿಟ್ಟು ಹೇಳಬಹುದಾ? ಹೇಳಿದರೆ ನಮ್ಮ ತಂಡಕ್ಕೆ ದ್ರೋಹ ಮಾಡಿದ ಹಾಗಾಗುತ್ತಾ?

ಕ್ರಿಕೆಟ್‌ನಲ್ಲಿ ನಮಗೆ ಇದು ಹೊಸದೇನಲ್ಲ. 2015ರ ನವೆಂಬರ್‌ನಲ್ಲಿ ಎಬಿ ಡಿವಿಲಿಯರ್ಸ್ ತಮ್ಮ ನೂರನೇ ಟೆಸ್ಟ್ ಪಂದ್ಯ ಆಡಿದ್ದು ಬೆಂಗಳೂರಿನಲ್ಲಿ, ಅದೂ ಭಾರತದ ವಿರುದ್ಧ. ಅವರು ಬ್ಯಾಟ್ ಹಿಡಿದು ಬರುವಾಗ ಇಡೀ ಚಿನ್ನಸ್ವಾಮಿ ಕ್ರೀಡಾಂಗಣ ‘ಎಬಿಡಿ, ಎಬಿಡಿ’ ಅಂತ ಕೂಗಿತು. ಅವರನ್ನು ಔಟ್ ಮಾಡಬೇಕಾದವರು ನಮ್ಮ ಬೌಲರ್‌ಗಳು! ಆದರೆ ಎಬಿಡಿ ಆರ್‌ಸಿಬಿಯವರು, ಅಂದರೆ ಅರ್ಧ ನಮ್ಮವರೇ. ಹಾಗಾಗಿ ಆ ಪ್ರೀತಿ ಸುಲಭ. ಫುಟ್‌ಬಾಲ್‌ನಲ್ಲಿ ಕ್ಲಬ್ ಜಗಳಗಳು ಇನ್ನೂ ಹಳೆಯವು, ಇನ್ನೂ ಆಳವಾದವು. ಅಲ್ಲಿ ಎದುರಾಳಿಗೆ ಚಪ್ಪಾಳೆ ಹೊಡೆಯೋಕೆ ಸ್ವಲ್ಪ ಧೈರ್ಯ ಬೇಕು. ಆ ಧೈರ್ಯ ಎಲ್ಲಿಂದ ಬರುತ್ತೆ ಅಂತ ನೋಡೋಣ.

ಮ್ಯಾಡ್ರಿಡ್‌ನಲ್ಲಿ ಎದ್ದು ನಿಂತವರು

ಈ ಮಾತು ಬಂದಾಗ ಎಲ್ಲರೂ ನೆನೆಯುವ ಪಂದ್ಯ 2005ರ ನವೆಂಬರ್ 19ರದ್ದು. ಜಾಗ ರಿಯಲ್ ಮ್ಯಾಡ್ರಿಡ್‌ನ ತವರು ಮೈದಾನ ಬರ್ನಬ್ಯೂ. ಎದುರಾಳಿ ಬಾರ್ಸಿಲೋನಾ. ಇವೆರಡರ ಜಗಳ ಬರೀ ಮೈದಾನದ ಜಗಳ ಅಲ್ಲ ಅಂತ ನಿಮಗೆ ಗೊತ್ತಿರುತ್ತೆ. ಒಂದು ಸ್ಪೇನ್ ದೇಶದ ರಾಜಧಾನಿಯ ಕ್ಲಬ್. ಇನ್ನೊಂದು ಕ್ಯಾಟಲೋನಿಯಾದ ಕ್ಲಬ್. ಕ್ಯಾಟಲೋನಿಯಾಗೆ ತನ್ನದೇ ಭಾಷೆ ಇದೆ, ತನ್ನದೇ ಬಾವುಟ ಇದೆ. ಫ್ರಾಂಕೊ ಸರ್ವಾಧಿಕಾರದ ಕಾಲದಲ್ಲಿ ಆ ಭಾಷೆಯನ್ನು ಅದುಮಿಟ್ಟ ನೆನಪೂ ಇದೆ. ಹಾಗಾಗಿ ಬರ್ನಬ್ಯೂನಲ್ಲಿ ಕೂತು ಬಾರ್ಸಿಲೋನಾಗೆ ಚಪ್ಪಾಳೆ ಹೊಡೆಯೋದು ಅಂದರೆ ಅದು ಸಣ್ಣ ಮಾತಲ್ಲ.

ಅವತ್ತು ರಿಯಲ್ ಮ್ಯಾಡ್ರಿಡ್ ತಂಡದಲ್ಲಿ ಯಾರ‍್ಯಾರಿದ್ದರು ನೋಡಿ. ಜಿದಾನ್, ಬೆಕಮ್, ಬ್ರೆಜಿಲ್‌ನ ರೊನಾಲ್ಡೊ, ರಾಬರ್ಟೊ ಕಾರ್ಲೋಸ್, ರೌಲ್. ಹೆಸರು ಕೇಳಿದರೇ ಎದುರಾಳಿ ಹೆದರಬೇಕು. ಮೊದಲ ಗೋಲು ಬಾರ್ಸಿಲೋನಾದ ಸ್ಯಾಮುಯೆಲ್ ಎಟೊ ಹೊಡೆದರು. ಆಮೇಲೆ ದ್ವಿತೀಯಾರ್ಧದಲ್ಲಿ ರೊನಾಲ್ಡಿನೊ ಶುರು ಮಾಡಿದರು. ಎಡಗಡೆಯಿಂದ ಚೆಂಡು ತಗೊಂಡು ಓಡಿ, ಸೆರ್ಗಿಯೊ ರಾಮೋಸ್ ಅವರನ್ನು ದಾಟಿ, ಒಳಗೆ ನುಗ್ಗಿ ಗೋಲು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಎಡಗಡೆ, ಅದೇ ರಾಮೋಸ್, ಮತ್ತೊಂದು ಗೋಲು. 3–0.

ಆಗ ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿತು. ಮ್ಯಾಡ್ರಿಡ್ ಅಭಿಮಾನಿಗಳು ಅಲ್ಲಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೀತಾ ಇದ್ದರು. ಎಲ್ಲರೂ ಅಲ್ಲ, ಆದರೆ ಇಡೀ ಜಗತ್ತು ಗಮನಿಸುವಷ್ಟು ಜನ.

ಯಾಕೆ? ನನಗೆ ಎರಡು ಕಾರಣ ಕಾಣುತ್ತೆ.

ಒಂದು, ಭಯ. ಹೌದು, ಭಯವೇ. ನಿಮ್ಮ ತಂಡದ ವಿರುದ್ಧ ಆಡುವ ಒಬ್ಬ ಒಳ್ಳೆ ಆಟಗಾರನನ್ನು ನೆನಪಿಸ್ಕೊಳ್ಳಿ. ಅವನ ಕಾಲಿಗೆ ಚೆಂಡು ಸಿಕ್ಕ ತಕ್ಷಣ ನಿಮ್ಮ ಹೊಟ್ಟೆಯಲ್ಲಿ ಏನೋ ಆಗುತ್ತೆ. ‘ಅಯ್ಯೋ, ಇವನನ್ನ ಯಾರಾದ್ರೂ ಹಿಡೀರಪ್ಪಾ’ ಅಂತೀರಿ. ಆ ‘ಅಯ್ಯೋ’ ಇದೆಯಲ್ಲ, ಅದು ನೀವು ಅವನಿಗೆ ಕೊಡುವ ಮೊದಲ ಪ್ರಶಸ್ತಿ. ಕೆಟ್ಟ ಆಟಗಾರನಿಗೆ ಯಾರೂ ಹೆದರಲ್ಲ. ಅವನ ಸ್ವಂತ ಅಭಿಮಾನಿ ಅವನ ಆಟವನ್ನು ಖುಷಿಯಾಗಿ ನೋಡ್ತಾನೆ. ನಾವು ಉಸಿರು ಬಿಗಿಹಿಡಿದು ನೋಡ್ತೀವಿ. ಹಾಗಾಗಿ ಎಷ್ಟೋ ಸಲ ಅವನ ಆಟ ನಮಗೇ ಚೆನ್ನಾಗಿ ಗೊತ್ತಿರುತ್ತೆ. ಯಾವ ಕಾಲಲ್ಲಿ ಹೊಡೀತಾನೆ, ಯಾವ ಕಡೆ ತಿರುಗ್ತಾನೆ, ಎಲ್ಲವೂ.

ಎರಡು, ಆ ಚಪ್ಪಾಳೆ ಸ್ವಂತ ತಂಡದ ಕೆನ್ನೆಗೂ ಒಂದು ಏಟು. ಕೋಟಿ ಕೋಟಿ ಸುರಿದು ದೊಡ್ಡ ಹೆಸರುಗಳನ್ನು ಕೂಡಿಸಿದ್ದ ಕ್ಲಬ್ ಮೇಲೆ ಮ್ಯಾಡ್ರಿಡ್ ಅಭಿಮಾನಿಗಳಿಗೆ ಅವತ್ತು ಸಿಟ್ಟಿತ್ತು. ‘ನೋಡಿ, ಆಟ ಅಂದರೆ ಇದು’ ಅಂತ ತೋರಿಸೋಕೆ ಎದುರಾಳಿಗೆ ಕೈ ತಟ್ಟೋದಕ್ಕಿಂತ ಕಟುವಾದ ದಾರಿ ಬೇರೆ ಇಲ್ಲ. ಎರಡು ವಾರ ಕಳೆದ ಮೇಲೆ ರಿಯಲ್ ಕೋಚ್ ಲುಕ್ಸೆಂಬರ್ಗೊ ಕೆಲಸ ಕಳಕೊಂಡರು. ಅಂದರೆ ಎದುರಾಳಿಯನ್ನು ಮೆಚ್ಚಿದವರು ತಮ್ಮ ತಂಡವನ್ನು ಬಿಟ್ಟುಕೊಟ್ಟಿರಲಿಲ್ಲ. ತಮ್ಮ ತಂಡ ಹೇಗಿರಬೇಕು ಅಂತ ಅವರಿಗೆ ಗೊತ್ತಿತ್ತು, ಅಷ್ಟೇ.

ಇನಿಯೆಸ್ಟಾ ಬನಿಯನ್ ಮೇಲಿನ ಬರಹ

ಬರ್ನಬ್ಯೂ ಕಥೆ ಪ್ರತಿಭೆಯದ್ದು. ಆದರೆ ಎದುರಾಳಿ ಇಷ್ಟವಾಗೋಕೆ ಪ್ರತಿಭೆ ಒಂದೇ ಕಾರಣ ಅಲ್ಲ. ಇದಕ್ಕೆ ಉದಾಹರಣೆ ಬಾರ್ಸಿಲೋನಾ ನಗರದಲ್ಲೇ ಇದೆ.

ಆ ನಗರದಲ್ಲಿ ಎಸ್ಪಾನ್ಯೋಲ್ ಅಂತ ಇನ್ನೊಂದು ಕ್ಲಬ್ ಇದೆ. ದೊಡ್ಡಣ್ಣನ ನೆರಳಲ್ಲಿ ಬೆಳೆದ ತಮ್ಮನ ಹಾಗೆ. ಬಾರ್ಸಿಲೋನಾ ಕಂಡರೆ ಎಸ್ಪಾನ್ಯೋಲ್ ಅಭಿಮಾನಿಗಳಿಗೆ ಎಷ್ಟು ಕೋಪ ಇರಬಹುದು ಅಂತ ನೀವೇ ಊಹಿಸಿ. 2009ರ ಆಗಸ್ಟ್‌ನಲ್ಲಿ ಎಸ್ಪಾನ್ಯೋಲ್ ನಾಯಕ ಡ್ಯಾನಿ ಹಾರ್ಕೆ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಬರೀ 26. ತಂಡ ಹೊಸ ಋತುವಿನ ತಯಾರಿಗೆ ಇಟಲಿಗೆ ಹೋಗಿದ್ದಾಗ ಹೀಗಾಯ್ತು.

ಮುಂದಿನ ವರ್ಷ, 2010ರ ಜುಲೈ 11. ಜೊಹಾನೆಸ್‌ಬರ್ಗ್‌ನಲ್ಲಿ ವಿಶ್ವಕಪ್ ಫೈನಲ್. ಸ್ಪೇನ್ ಮತ್ತು ನೆದರ್ಲೆಂಡ್ಸ್ ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ ಹೋಗಿದ್ದವು. 116ನೇ ನಿಮಿಷದಲ್ಲಿ ಆಂಡ್ರೆಸ್ ಇನಿಯೆಸ್ಟಾ ಗೋಲು ಹೊಡೆದರು. ಸ್ಪೇನ್ ಮೊದಲ ಸಲ ವಿಶ್ವಕಪ್ ಗೆಲ್ಲೋಕೆ ಕಾರಣವಾದ ಗೋಲು ಅದು. ಓಡುತ್ತಾ ಜೆರ್ಸಿ ಬಿಚ್ಚಿದರು. ಒಳಗಿನ ಬಿಳಿ ಬನಿಯನ್ ಮೇಲೆ ಕೈಬರಹದಲ್ಲಿ ಬರೆದಿತ್ತು: ಡ್ಯಾನಿ ಹಾರ್ಕೆ ಸದಾ ನಮ್ಮ ಜೊತೆ. ಜೆರ್ಸಿ ಬಿಚ್ಚಿದ್ದಕ್ಕೆ ರೆಫರಿ ಹಳದಿ ಕಾರ್ಡ್ ತೋರಿಸಿದರು. ನಿಯಮ ನಿಯಮವೇ.

ಇಲ್ಲಿ ಗಮನಿಸಬೇಕಾದ್ದು ಏನು ಗೊತ್ತಾ? ಇನಿಯೆಸ್ಟಾ ಬಾರ್ಸಿಲೋನಾ ಆಟಗಾರ. ತನ್ನ ಜೀವನದ ಅತಿ ದೊಡ್ಡ ಕ್ಷಣದಲ್ಲಿ ಅವರು ನೆನೆದದ್ದು ಅದೇ ಊರಿನ ಎದುರಾಳಿ ಕ್ಲಬ್‌ನ ನಾಯಕನನ್ನು. ಇಬ್ಬರೂ ಸ್ಪೇನ್ ಕಿರಿಯರ ತಂಡಗಳಲ್ಲಿ ಜೊತೆಗೆ ಆಡಿ ಸ್ನೇಹಿತರಾಗಿದ್ದರು.

ಅದೇ ವರ್ಷ ಡಿಸೆಂಬರ್‌ನಲ್ಲಿ ಬಾರ್ಸಿಲೋನಾ, ಎಸ್ಪಾನ್ಯೋಲ್ ಮೈದಾನಕ್ಕೆ ಬಂತು. 5–1 ಅಂತರದಲ್ಲಿ ಗೆದ್ದಿತು. ತವರಿನಲ್ಲಿ ಎಂಥ ಸೋಲು ನೋಡಿ! ಆದರೂ ಇನಿಯೆಸ್ಟಾಗೆ ಎಸ್ಪಾನ್ಯೋಲ್ ಅಭಿಮಾನಿಗಳು ಚಪ್ಪಾಳೆ ಹೊಡೆದರು. ಬಾರ್ಸಿಲೋನಾ ಮೇಲಿನ ಕೋಪ ಅವತ್ತು ಕಮ್ಮಿ ಆಗಿತ್ತಾ? ಇಲ್ಲ. ಒಬ್ಬ ಮನುಷ್ಯನನ್ನು ಮಾತ್ರ ಆ ಕೋಪದ ಲೆಕ್ಕದಿಂದ ಹೊರಗಿಟ್ಟಿದ್ದರು.

ಈಗ ನಮ್ಮ ಕಂಠೀರವಕ್ಕೆ ಬರೋಣ

ಸ್ಪೇನ್‌ನ ಕಥೆ ದೂರದ್ದು ಅನಿಸಿದರೆ ಇಲ್ಲೇ ಪಕ್ಕದಲ್ಲಿ ಒಂದು ಇದೆ. ನಾನು ಬೆಂಗಳೂರು ಎಫ್‌ಸಿ ಕಡೆಯವನು. ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಗಂಟಲು ಹರ್ಕೊಂಡವನು. ನಮಗೆ ಯಾವ ಪಂದ್ಯ ಮುಖ್ಯ ಅಂತ ಕೇಳಿದರೆ ಉತ್ತರ ಒಂದೇ, ಕೇರಳ ಬ್ಲಾಸ್ಟರ್ಸ್. ಅವರ ಅಭಿಮಾನಿ ಬಳಗ ಮಂಜಪ್ಪಡ ಬೆಂಗಳೂರಿಗೆ ಬಂದರೆ ಒಂದು ಕಡೆಯ ಗ್ಯಾಲರಿ ಪೂರ್ತಿ ಹಳದಿ ಆಗುತ್ತೆ. ಬೆಂಗಳೂರಲ್ಲಿ ಮಲಯಾಳಿಗಳು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಪಕ್ಕದ ಮನೆಯವರು, ಆಫೀಸಲ್ಲಿ ಎದುರು ಕೂರೋರು, ಪಿಜಿಯಲ್ಲಿ ರೂಮ್‌ಮೇಟ್. ಹಾಗಾಗಿ ಸೋತರೆ ಮರುದಿನ ತಪ್ಪಿಸಿಕೊಳ್ಳೋಕೆ ಜಾಗವೇ ಇರಲ್ಲ.

2023ರ ಮಾರ್ಚ್ 3ರ ರಾತ್ರಿ ಈ ಜಗಳಕ್ಕೆ ಬೆಂಕಿ ಬಿತ್ತು. ಐಎಸ್‌ಎಲ್ ಪ್ಲೇ ಆಫ್ ಪಂದ್ಯ, ಕಂಠೀರವದಲ್ಲಿ. ಗೋಲಿಲ್ಲದೆ ಹೆಚ್ಚುವರಿ ಸಮಯ ಶುರುವಾಗಿತ್ತು. ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಆಟಗಾರರು ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೆಟ್ರಿ ಚೆಂಡನ್ನು ಗೋಲಿಗೆ ಎತ್ತಿ ಹಾಕಿದರು. ರೆಫರಿ ಗೋಲು ಅಂದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನು ಮೈದಾನದಿಂದಲೇ ಹೊರಗೆ ಕರ್ಕೊಂಡು ಹೋದರು. ಆಟ ಅಲ್ಲಿಗೇ ಮುಗೀತು. ಆಮೇಲೆ ಫುಟ್‌ಬಾಲ್ ಫೆಡರೇಷನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ. ಛೆಟ್ರಿ ಮೇಲೆ ಸೋಷಿಯಲ್ ಮೀಡಿಯಾದಲ್ಲಿ ಬೈಗುಳದ ಮಳೆಯೇ ಸುರಿಯಿತು.

ನಾಲ್ಕು ತಿಂಗಳು ಮುಂದಕ್ಕೆ ಬನ್ನಿ. 2023ರ ಜುಲೈ 4, ಅದೇ ಕಂಠೀರವ. ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್, ಭಾರತ ಮತ್ತು ಕುವೈತ್. ಭಾರತ ಒಂದು ಗೋಲು ಹಿಂದಿತ್ತು. ಸಮಬಲದ ಗೋಲು ಹೊಡೆದವರು ಲಾಲಿಯನ್‌ಜುವಾಲಾ ಚಾಂಗ್ಟೆ. ಅವರಿಗೆ ಪಾಸ್ ಕೊಟ್ಟವರು ಸಹಲ್ ಅಬ್ದುಲ್ ಸಮದ್, ಆಗ ಕೇರಳ ಬ್ಲಾಸ್ಟರ್ಸ್ ಆಟಗಾರ. ನಾಯಕನ ಪಟ್ಟಿ ಇದ್ದದ್ದು ಛೆಟ್ರಿ ತೋಳಲ್ಲಿ. ಪೆನಾಲ್ಟಿ ಶೂಟೌಟ್‌ನಲ್ಲಿ ಭಾರತ 5–4ರಿಂದ ಗೆದ್ದಿತು. ಯಾವ ಮೈದಾನದಲ್ಲಿ ಹಳದಿ ಜೆರ್ಸಿ ಕಂಡರೆ ಶಿಳ್ಳೆ ಹಾಕ್ತಿದ್ದೆವೋ ಅದೇ ಮೈದಾನದಲ್ಲಿ ಸಹಲ್‌ಗೆ ಕೂಗಿದೆವು. ಯಾರಿಗೂ ವಿಚಿತ್ರ ಅನಿಸಲಿಲ್ಲ. ಅಂದರೆ ನಮಗೆ ಆಗದೇ ಇರೋದು ಆ ಬಣ್ಣದ ಬಟ್ಟೆ. ಬಟ್ಟೆ ಬದಲಾದ ತಕ್ಷಣ ಒಳಗಿನ ಆಟಗಾರ ಕಾಣೋಕೆ ಶುರುವಾಗ್ತಾನೆ.

‘ಸರಿ, ದೇಶದ ಜೆರ್ಸಿ ಹಾಕಿದಾಗ ಯಾರು ಬೇಕಾದ್ರೂ ಇಷ್ಟವಾಗ್ತಾರೆ’ ಅಂತ ನೀವು ಹೇಳಬಹುದು. ಒಪ್ಪಿದೆ. ಹಾಗಿದ್ದರೆ ಹಳದಿ ಜೆರ್ಸಿಯಲ್ಲೇ ಆಡಿದ, ಎಂದೂ ನಮ್ಮ ಪರ ಆಡದ ಒಬ್ಬರ ಹೆಸರು ಹೇಳ್ತೀನಿ. ಅಡ್ರಿಯಾನ್ ಲೂನಾ.

ಉರುಗ್ವೆ ದೇಶದ ಮಿಡ್‌ಫೀಲ್ಡರ್. 2021ರಲ್ಲಿ ಬ್ಲಾಸ್ಟರ್ಸ್ ಸೇರಿದರು. ಮೊದಲ ಋತುವಿನಲ್ಲೇ ತಂಡ ಫೈನಲ್ ತಲುಪಿತು. ಆ ಫೈನಲ್ ಮುಗಿದು ತಿಂಗಳಾಗುವ ಮೊದಲೇ, 2022ರ ಏಪ್ರಿಲ್‌ನಲ್ಲಿ, ಅವರ 6 ವರ್ಷದ ಮಗಳು ತೀರಿಕೊಂಡಳು. ಸಿಸ್ಟಿಕ್ ಫೈಬ್ರೋಸಿಸ್ ಅನ್ನೋ ಕಾಯಿಲೆ. ಈ ಸುದ್ದಿಯನ್ನು ಲೂನಾ ಅವರೇ ಹೇಳಿಕೊಂಡರು. ಅವರು ವಾಪಸ್ ಬರ್ತಾರಾ ಅಂತ ಎಲ್ಲರಿಗೂ ಅನುಮಾನ ಇತ್ತು. ಬಂದರು.

ಅಕ್ಟೋಬರ್ 7ರಂದು ಕೊಚ್ಚಿಯಲ್ಲಿ ಹೊಸ ಋತುವಿನ ಮೊದಲ ಪಂದ್ಯ, ಈಸ್ಟ್ ಬೆಂಗಾಲ್ ವಿರುದ್ಧ. ಹರ್ಮನ್‌ಜೋತ್ ಖಾಬ್ರಾ ಹಿಂದಿನಿಂದ ಎತ್ತಿ ಕೊಟ್ಟ ಚೆಂಡನ್ನು ಲೂನಾ ಓಡುತ್ತಲೇ ಗೋಲಿಗೆ ಸೇರಿಸಿದರು. ಖಾಬ್ರಾ ಅದಕ್ಕೂ ಮೊದಲು ನಮ್ಮ ಬೆಂಗಳೂರು ತಂಡದಲ್ಲೇ ಆಡಿದ್ದವರು. ಗೋಲಾದ ಮೇಲೆ ಲೂನಾ ಕುಣಿಯಲಿಲ್ಲ. ಮೈಮೇಲೆ ಹಾಕಿಸಿಕೊಂಡಿದ್ದ ಮಗಳ ಹಚ್ಚೆಯನ್ನು ತೋರಿಸುತ್ತಾ ಅತ್ತರು.

ನಾನು ಆ ಪಂದ್ಯವನ್ನು ಫೋನಲ್ಲಿ ನೋಡ್ತಾ ಇದ್ದೆ. ನಮ್ಮ ಗೆಳೆಯರ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಬ್ಲಾಸ್ಟರ್ಸ್ ಸೋಲಲಿ ಅಂತ ಕಾಯ್ತಾ ಇದ್ದವರೇ ಎಲ್ಲ. ಆ ಗೋಲಿನ ನಂತರ ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ಒಬ್ಬ ಬರೆದ, ‘ಇವನು ನಮ್ಮ ವಿರುದ್ಧ ಹೊಡೆದರೂ ನಾನು ಬೈಯಲ್ಲ ಮಗಾ’. ಯಾರೂ ಅವನಿಗೆ ‘ನೀನ್ಯಾವ ಕಡೆ’ ಅಂತ ಕೇಳಲಿಲ್ಲ. ಬ್ಲಾಸ್ಟರ್ಸ್ ಸೋಲಬೇಕು ಅನ್ನೋದು ನಮ್ಮಲ್ಲಿ ಇವತ್ತಿಗೂ ಹಾಗೇ ಇದೆ. 2024ರ ಡಿಸೆಂಬರ್‌ನಲ್ಲಿ 40 ವರ್ಷದ ಛೆಟ್ರಿ ಹ್ಯಾಟ್ರಿಕ್ ಹೊಡೆದು ಅವರನ್ನು 4–2ರಿಂದ ಸೋಲಿಸಿದಾಗ ಗ್ರೂಪಲ್ಲಿ ರಾತ್ರಿಯಿಡೀ ಹಬ್ಬ. ಲೂನಾ ಬಗ್ಗೆ ಗೌರವ, ಬ್ಲಾಸ್ಟರ್ಸ್ ಸೋತಾಗ ಸಂತೋಷ. ಎರಡಕ್ಕೂ ಒಂದೇ ಎದೆಯಲ್ಲಿ ಜಾಗ ಇದೆ.

ಹಾಗಾದರೆ ಕ್ಷಮೆ ಸಿಗದೇ ಇರೋದು ಯಾರಿಗೆ?

ಇಲ್ಲೊಂದು ತಮಾಷೆ ಇದೆ. ಎದುರಾಳಿ ತಂಡದಲ್ಲೇ ಹುಟ್ಟಿ ಬೆಳೆದ ಆಟಗಾರ ನಮಗೆ ಇಷ್ಟವಾಗಬಹುದು. ಆದರೆ ನಮ್ಮಲ್ಲಿ ಆಡಿ ಅಲ್ಲಿಗೆ ಹೋದವನು? ಅವನ ಕಥೆ ಬೇರೆ.

ಲೂಯಿಸ್ ಫಿಗೊ ಇದಕ್ಕೆ ಉದಾಹರಣೆ. ಪೋರ್ಚುಗಲ್‌ನ ಈ ಆಟಗಾರ ಬಾರ್ಸಿಲೋನಾ ಅಭಿಮಾನಿಗಳ ಕಣ್ಮಣಿ ಆಗಿದ್ದರು. 2000ರ ಬೇಸಿಗೆಯಲ್ಲಿ ಆಗಿನ ದಾಖಲೆ ಮೊತ್ತಕ್ಕೆ ರಿಯಲ್ ಮ್ಯಾಡ್ರಿಡ್ ಸೇರಿದರು. 2002ರ ನವೆಂಬರ್‌ನಲ್ಲಿ ಬಾರ್ಸಿಲೋನಾದ ಕ್ಯಾಂಪ್ ನೌ ಮೈದಾನದಲ್ಲಿ ಫಿಗೊ ಕಾರ್ನರ್ ಕಿಕ್ ತಗೊಳ್ಳೋಕೆ ಹೋದಾಗ ಪ್ರೇಕ್ಷಕರು ಬಾಟಲಿ ಎಸೆದರು. ಹಂದಿಯ ತಲೆಯೂ ಮೈದಾನಕ್ಕೆ ಬಂದು ಬಿತ್ತು! ರೆಫರಿ ಪಂದ್ಯವನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು.

ಅದೇ ಬಾರ್ಸಿಲೋನಾದಿಂದ ಅದೇ ಮ್ಯಾಡ್ರಿಡ್‌ಗೆ 1994ರಲ್ಲಿ ಡೆನ್ಮಾರ್ಕ್‌ನ ಮೈಕೆಲ್ ಲೌಡ್ರಪ್ ಹೋಗಿದ್ದರು. 1994ರ ಜನವರಿಯಲ್ಲಿ ಬಾರ್ಸಿಲೋನಾ ರಿಯಲ್ ವಿರುದ್ಧ 5–0ರಿಂದ ಗೆದ್ದಾಗ ಅವರು ಬಾರ್ಸಿಲೋನಾದಲ್ಲಿದ್ದರು. 1995ರ ಜನವರಿಯಲ್ಲಿ ರಿಯಲ್ ಬಾರ್ಸಿಲೋನಾ ವಿರುದ್ಧ 5–0ರಿಂದ ಗೆದ್ದಾಗ ರಿಯಲ್‌ನಲ್ಲಿದ್ದರು. ಒಬ್ಬನೇ ಆಟಗಾರ, ಎರಡೂ ಕಡೆ ಐದೈದು.

ಬಿಟ್ಟುಹೋದವನನ್ನು ಮೆಚ್ಚೋದು ಯಾಕೆ ಕಷ್ಟ? ಯಾಕಂದರೆ ಅವನ ಹೆಸರಿನ ಜೆರ್ಸಿ ನಾವು ದುಡ್ಡು ಕೊಟ್ಟು ತಗೊಂಡಿರ‍್ತೀವಿ. ಅವನಿಗೆ ಅಂತಲೇ ಹಾಡು ಕಟ್ಟಿರ‍್ತೀವಿ. ಎದುರಾಳಿ ನಮಗೆ ಏನೂ ಕೊಡಬೇಕಾಗಿಲ್ಲ, ಹಾಗಾಗಿ ಅವನಿಂದ ಮೋಸ ಆಗೋಕೆ ಸಾಧ್ಯವೇ ಇಲ್ಲ. ಆದರೆ ಆಟಗಾರನ ಕಡೆಯಿಂದ ನೋಡಿದರೆ ಇದು ಅವನ ಉದ್ಯೋಗ. ನಮ್ಮ ಛೆಟ್ರಿಯನ್ನೇ ನೋಡಿ. ಕೋಲ್ಕತ್ತದ ಬದ್ಧ ವೈರಿಗಳಾದ ಮೋಹನ್ ಬಾಗನ್ ಮತ್ತು ಈಸ್ಟ್ ಬೆಂಗಾಲ್ ಎರಡರಲ್ಲೂ ಆಡಿದವರು. ಬ್ಲಾಸ್ಟರ್ಸ್ ನಾಯಕರಾಗಿದ್ದ ಸಂದೇಶ್ ಜಿಂಗನ್ 2022ರಲ್ಲಿ ಬೆಂಗಳೂರಿಗೆ ಬಂದಾಗ, ಅವರಿಗೆ ಶಿಳ್ಳೆ ಹಾಕಿ ಕಾಡಿದ್ದ ನಾವೇ ಸ್ವಾಗತ ಮಾಡಿದೆವು. ನೆನ್ನೆಯ ಎದುರಾಳಿ ನಾಳೆ ನಮ್ಮ ಡಿಫೆಂಡರ್ ಆಗಬಹುದು. ಬೈಯುವಾಗ ಇದೊಂದು ನೆನಪಿರಲಿ.

ಫೋನಲ್ಲಿ ಇರುವ ಕಷ್ಟ

ಇದೆಲ್ಲ ಬರೀ ಭಾವುಕ ಕಥೆ ಅಂದ್ಕೋಬೇಡಿ. ಇದರಲ್ಲಿ ನಿಜವಾದ ಮನುಷ್ಯರ ಬದುಕಿದೆ.

2021ರ ಜುಲೈ 11, ಲಂಡನ್‌ನ ವೆಂಬ್ಲಿ. ಯೂರೊ ಫೈನಲ್‌ನಲ್ಲಿ ಇಂಗ್ಲೆಂಡ್ ಪೆನಾಲ್ಟಿ ಶೂಟೌಟ್‌ನಲ್ಲಿ ಇಟಲಿಗೆ ಸೋತಿತು. ಕೊನೆಯ ಪೆನಾಲ್ಟಿ ತಗೊಂಡವರು ಬುಕಾಯೊ ಸಾಕಾ, ವಯಸ್ಸು 19. ಗೋಲ್‌ಕೀಪರ್ ಡೊನ್ನರುಮ್ಮಾ ಚೆಂಡು ತಡೆದರು. ಅದೇ ರಾತ್ರಿ ಸಾಕಾ, ಮಾರ್ಕಸ್ ರಾಶ್‌ಫೋರ್ಡ್, ಜೇಡನ್ ಸಾಂಚೊ ಮೂವರ ಇನ್‌ಸ್ಟಾಗ್ರಾಂಗೆ ಜನಾಂಗೀಯ ನಿಂದನೆಯ ಕಾಮೆಂಟ್‌ಗಳು ಬಂದು ಬಿದ್ದವು. ಬೈದವರಲ್ಲಿ ನೆನ್ನೆಯವರೆಗೂ ಜೈಕಾರ ಹಾಕಿದವರೂ ಇದ್ದಿರಬೇಕು.

ತಿಂಗಳೊಳಗೆ, ಆಗಸ್ಟ್‌ನಲ್ಲಿ, ಸಾಕಾ ಅವರ ಕ್ಲಬ್ ಆರ್ಸೆನಲ್ ಸ್ನೇಹಪರ ಪಂದ್ಯಕ್ಕೆ ಟಾಟನ್‌ಹ್ಯಾಮ್ ಮೈದಾನಕ್ಕೆ ಹೋಯಿತು. ಉತ್ತರ ಲಂಡನ್‌ನ ಈ ಎರಡು ಕ್ಲಬ್‌ಗಳಿಗೆ ಹಾವು ಮುಂಗುಸಿ ಸಂಬಂಧ. ಆದರೆ ಅವತ್ತು ಟಾಟನ್‌ಹ್ಯಾಮ್ ಅಭಿಮಾನಿಗಳು ಸಾಕಾಗೆ ಚಪ್ಪಾಳೆ ಹೊಡೆದರು. ‘ನೀನು ನಮ್ಮ ಎದುರಾಳಿ, ನಿನ್ನನ್ನು ಆಟದಲ್ಲಿ ಸೋಲಿಸ್ತೀವಿ, ಆದರೆ ನಿನ್ನ ಮೈಬಣ್ಣಕ್ಕೆ ಬೈಯೋರ ಜೊತೆ ನಾವಿಲ್ಲ’ ಅಂತ ಹೇಳಿದ ಹಾಗಿತ್ತು. ಆ 19ರ ಹುಡುಗನಿಗೆ ಸ್ವಂತ ಅಭಿಮಾನಿಗಳ ಚಪ್ಪಾಳೆಗಿಂತ ಇದು ಹೆಚ್ಚು ಧೈರ್ಯ ಕೊಟ್ಟಿರಬಹುದು ಅಂತ ನನಗನಿಸುತ್ತೆ. ಯಾಕಂದರೆ ಎದುರಾಳಿಗೆ ಸುಳ್ಳು ಹೊಗಳಿಕೆ ಕೊಡುವ ದರ್ದು ಇರಲ್ಲ.

ಮೈದಾನದಲ್ಲಿ ಎದುರಾಳಿ ನಮ್ಮ ಕಣ್ಣ ಮುಂದೆ ಓಡ್ತಾನೆ, ಬೀಳ್ತಾನೆ, ಏಳ್ತಾನೆ. ಫೋನಲ್ಲಿ ಅವನು ಒಂದು ಹೆಸರು, ಒಂದು ಪ್ರೊಫೈಲ್ ಫೋಟೊ. ಬೈಯೋದು ತುಂಬಾ ಸುಲಭ. ನಮ್ಮಲ್ಲಿ ಬಹಳ ಜನ ಪಂದ್ಯಕ್ಕಿಂತ ಪಂದ್ಯದ ಮೀಮ್‌ಗಳನ್ನೇ ಹೆಚ್ಚು ನೋಡ್ತೀವಿ. ಹಾಗಾಗಿ ಆ ಆಟಗಾರ ನಿಜಕ್ಕೂ ಹೇಗೆ ಆಡ್ತಾನೆ ಅನ್ನೋದೇ ಗೊತ್ತಿರಲ್ಲ.

ಹಾಗಂತ ಶಿಳ್ಳೆ ಹಾಕಬೇಡಿ, ಕೂಗಬೇಡಿ ಅಂತ ನಾನು ಹೇಳ್ತಾ ಇಲ್ಲ. ಜಗಳ ಇಲ್ಲದಿದ್ದರೆ ಫುಟ್‌ಬಾಲ್‌ಗೆ ಉಪ್ಪು ಖಾರವೇ ಇರಲ್ಲ. ಎದುರಾಳಿ ಪೆನಾಲ್ಟಿ ತಗೊಳ್ಳುವಾಗ ಗದ್ದಲ ಮಾಡಿ, ಕಾಲೆಳೆಯಿರಿ. ಆದರೆ ಅವನ ಮನೆಯವರು, ಬಣ್ಣ, ಧರ್ಮ, ಊರು, ಭಾಷೆ ಇವು ಆಟದ ಗೆರೆಯ ಹೊರಗಿನವು.

ನಮ್ಮ ಕನ್ನಡದಲ್ಲಿ ಈ ಬುದ್ಧಿ ಹೊಸದೂ ಅಲ್ಲ. ಸಾವಿರ ವರ್ಷಗಳ ಹಿಂದೆ, 10ನೇ ಶತಮಾನದಲ್ಲಿ, ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದ. ಹೆಸರಲ್ಲೇ ಇದೆ, ನಾಯಕ ಅರ್ಜುನ. ಆಶ್ರಯ ಕೊಟ್ಟ ರಾಜ ಅರಿಕೇಸರಿಯನ್ನೇ ಆ ಅರ್ಜುನನಿಗೆ ಹೋಲಿಸಿದ್ದ. ಆದರೂ ಎದುರು ಪಾಳಯದ ಕರ್ಣನ ಬಗ್ಗೆ ಅದೇ ಕಾವ್ಯದಲ್ಲಿ ಪಂಪ ತೋರಿಸಿದ ಗೌರವವನ್ನು ಓದಿದವರು ಮರೆಯಲ್ಲ. ಅದರಿಂದ ಅರ್ಜುನ ಸಣ್ಣವನಾಗಲಿಲ್ಲ. ಅಂಥವನನ್ನು ಗೆದ್ದವನು ಅಂತ ಇನ್ನೂ ದೊಡ್ಡವನಾದ. ಎದುರಾಳಿಯನ್ನು ‘ಏನೂ ಬರದವನು’ ಅಂತ ಜರಿದರೆ ಅವನನ್ನು ಸೋಲಿಸಿದ ನಮ್ಮ ತಂಡದ ಬೆಲೆ ಎಷ್ಟು, ನೀವೇ ಹೇಳಿ?

ಆದ್ದರಿಂದ ಈ ವಾರ ನಿಮಗೊಂದು ಸಣ್ಣ ಕೆಲಸ. ನಿಮಗೆ ಕಂಡರೆ ಆಗದ ತಂಡ ಯಾವುದು ಅಂತ ಯೋಚಿಸಿ. ಆ ತಂಡದ ಒಬ್ಬ ಆಟಗಾರನ ಪೂರ್ತಿ ಪಂದ್ಯ ನೋಡಿ. ಹೈಲೈಟ್ಸ್ ಬೇಡ, ತೊಂಬತ್ತು ನಿಮಿಷ. ಆಮೇಲೆ ಅವನ ಹೆಸರು ಮತ್ತು ಅವನು ನಿಮ್ಮನ್ನು ಯಾಕೆ ಹೆದರಿಸ್ತಾನೆ ಅನ್ನೋದನ್ನು ನಮಗೆ ಕಳಿಸಿ. ಮೆಚ್ಚಿದ್ದೀರಿ ಅಂತ ಬರೆಯೋದು ಬೇಡ, ಹೆದರಿಕೆ ಯಾಕೆ ಅಂತ ಬರೆದರೆ ಸಾಕು, ನಮಗೆ ಅರ್ಥವಾಗುತ್ತೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.